ಕಿಟ್ ಮೊದಲು, ಕ್ಯಾಮೆರಾ ಆಮೇಲೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಸೀಮಂತದ ಫೋಟೋ ನನ್ನ ಹೊಟ್ಟೆಪಾಡು. ಜೊತೆಗೆ ಒಂದೆರಡು ಸಂಸ್ಥೆಗಳು ದೇಣಿಗೆ ಕೇಳುವಾಗ ಹಾಕುವ ಫೋಟೋಗಳನ್ನೂ ತೆಗೆದುಕೊಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುವುದು ಇದು.

ಮೊದಲು ಕೊಡೋದು ಮುಗಿಯಲಿ. ಅಕ್ಕಿ, ಎಣ್ಣೆ, ಚಾದರ ಏನೇ ಇರಲಿ, ಅದು ಅವರ ಕೈ ಸೇರಿದ ಮೇಲೆ ಕ್ಯಾಮೆರಾ ಹೊರಗೆ ತೆಗೆಯಿರಿ. ಕಿಟ್ ನಿಮ್ಮ ಹತ್ತಿರವೇ ಇಟ್ಟುಕೊಂಡು ಒಪ್ಪಿಗೆ ಕೇಳಿದರೆ ಯಾರು ತಾನೇ ಬೇಡ ಅಂತಾರೆ? 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಗಂಜಿ ಕೇಂದ್ರಗಳಲ್ಲಿ ಇದನ್ನೇ ನೋಡಿದೆ. ಲಾರಿಗೆ ಬ್ಯಾನರ್ ಕಟ್ಟಿಕೊಂಡು ಬಂದವರು ಒಂದೇ ಚಾದರಕ್ಕೆ ನಾಲ್ಕು ಜನ ಕೈ ಹಚ್ಚಿ ನಿಲ್ಲುತ್ತಿದ್ದರು. ಇಸಿದುಕೊಳ್ಳುವ ಅಜ್ಜಿಗೆ "ಇತ್ಲಾಗ ನೋಡಬೇ" ಅಂತ ಕೂಗು ಬೇರೆ.

ಫೋಟೋ ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳಿ. "ಫೇಸ್‌ಬುಕ್ಕಿನಾಗ ಬರ್ತದ, ನಿಮ್ಮ ಬೀಗರೂ ನೋಡಬಹುದು" ಅಂದು ನೋಡಿ. ಬೀಗರ ಹೆಸರು ಬಂದ ಕೂಡಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಸರಿಯಲಿ ಬಿಡಿ.

ಒಪ್ಪಿದವರಿಗೆ ಪುರಸೊತ್ತು ಕೊಡಿ. ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಮನೆ ಬಿದ್ದ ಹೆಣ್ಣುಮಗಳೊಬ್ಬರು "ತಡೀರಿ ಅಣ್ಣಾರ, ಸೀರಿ ಬದಲ್ ಮಾಡ್ಕೊಂಡ್ ಬರ್ತೀನಿ" ಅಂದರು. ನೀರಿಗೆ ಸಿಗದೆ ಉಳಿದಿದ್ದ ಒಂದು ಇಳಕಲ್ ಸೀರೆ ಉಟ್ಟು ಬಂದರು. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಸೆರಗು ಸರಿ ಮಾಡಿಕೊಂಡು, ಬಿದ್ದ ಗೋಡೆಯ ಮುಂದೆ ನೆಟ್ಟಗೆ ನಿಂತರು. ಫೋಟೋ ನೋಡಿದ ಸಂಸ್ಥೆಯವರು "ಬಡವರ ಥರ ಕಾಣ್ತಿಲ್ಲ, ಬೇರೆ ಕಳಿಸಿ" ಅಂದರು. ನಾನು ಅದರ ಜೊತೆ ಇನ್ನೊಂದನ್ನು ಕಳಿಸಿದೆ: ಉಳಿದ ಗೋಡೆಯಲ್ಲಿ ಕಿಟಕಿಗಿಂತ ಮೇಲೆ ನೀರು ನಿಂತಿದ್ದ ಕೆಸರಿನ ಗೆರೆ. ದುಡ್ಡು ಬೇಕಾಗಿರೋದು ಆ ಗೋಡೆಗೆ ಅಲ್ವಾ?

ಅಳುವ ಮುಖಕ್ಕೆ ದುಡ್ಡು ಬೇಗ ಬರುತ್ತೆ ಅನ್ನೋದು ಸುಳ್ಳಲ್ಲ. ಆದರೆ ಮುಂದಿನ ಸಲ ಅದಕ್ಕಿಂತ ಜಾಸ್ತಿ ಅಳುವವರನ್ನು ಹುಡುಕಬೇಕಾಗುತ್ತೆ.

ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. ಅನಾಥ ಮಕ್ಕಳು, ದೌರ್ಜನ್ಯಕ್ಕೆ ಸಿಕ್ಕ ಮಕ್ಕಳ ಮುಖ, ಹೆಸರು, ಶಾಲೆ ಯಾವುದನ್ನೂ ಬಯಲು ಮಾಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮುಖದ ಮೇಲೆ ಒಂದು ಎಮೋಜಿ ಅಂಟಿಸಿ ಹಿಂದೆ ಶಾಲೆಯ ಬೋರ್ಡ್ ಬಿಟ್ಟರೆ ಏನು ಬಂತು? ಆಸ್ಪತ್ರೆಯಲ್ಲಿ ಮಲಗಿದ ಮಗುವಾದರೆ ಅಪ್ಪ ಅಮ್ಮ ಒಪ್ಪಿದರೂ ನಾನು ಮುಖ ತೆಗೆಯುವುದಿಲ್ಲ. ಅಮ್ಮನ ಬೆರಳು ಹಿಡಿದ ಕೈ ಸಾಕು. ನಾಳೆ ಆ ಮಗು ಹೈಸ್ಕೂಲಿಗೆ ಹೋಗುತ್ತೆ, ಗೆಳೆಯರ ಕೈಯಲ್ಲಿ ಮೊಬೈಲ್ ಇರುತ್ತೆ.

ಫೋಟೋದ ಕೆಳಗೆ ಬರೆಯುವಾಗ ಆ ವ್ಯಕ್ತಿಗೆ ಆಮೇಲೆ ಏನಾಯಿತು ಅಂತಲೂ ಬರೆಯಿರಿ. 1993ರ ಮಾರ್ಚ್‌ನಲ್ಲಿ ಸುಡಾನಿನ ಬರಗಾಲದ ಫೋಟೋ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಕುಸಿದು ಕೂತ ಮಗು, ಹಿಂದೆ ರಣಹದ್ದು. ತೆಗೆದವರು ಕೆವಿನ್ ಕಾರ್ಟರ್. ಮಗು ಏನಾಯಿತು ಅಂತ ಓದುಗರು ಕೇಳಿದ್ದಕ್ಕೆ ಪತ್ರಿಕೆ ಕೆಲವೇ ದಿನಗಳಲ್ಲಿ ಟಿಪ್ಪಣಿ ಹಾಕಬೇಕಾಯಿತು. ಮಗು ಎದ್ದು ಮುಂದೆ ಹೋಯಿತಂತೆ, ಊಟದ ಕೇಂದ್ರ ತಲುಪಿತೋ ಇಲ್ಲವೋ ತಿಳಿಯದು ಅಂತ. ಮುಂದಿನ ವರ್ಷ ಆ ಫೋಟೋಗೆ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು.

ಹಣ ಸೇರಿದ ಮೇಲೆ ಪೋಸ್ಟ್ ಅಳಿಸಿ. ಗ್ರೂಪ್‌ಗಳಿಗೆ ಕಳಿಸಿದವರಿಗೂ ಹೇಳಿ. ಹಳೇ ಫೋಟೋ ಬೇರೆ ಯಾರದೋ ಖಾತೆ ನಂಬರ್ ಹೊತ್ತು ಸುತ್ತೋದು ಅಪರೂಪವೇನಲ್ಲ.