ವಾಸಿಯಾಗದ ನೋವು ಮತ್ತು ಬೆನ್ನುಹುರಿಯ ರಕ್ಷಕ ಕೋಶಗಳು: ಪ್ರಯೋಗಾಲಯದಲ್ಲಿ ನನ್ನ ಅನುಭವ

ನರಕ್ಕೆ ಪೆಟ್ಟಾಗಿ ಗಾಯ ಮಾಗಿದ ಮೇಲೂ ನೋವು ಏಕೆ ಉಳಿಯುತ್ತದೆ ಎಂಬುದನ್ನು ಇಲಿಗಳಲ್ಲಿ ಅಧ್ಯಯನ ಮಾಡುವುದು ನನ್ನ ಕೆಲಸ. ಅರಿವಳಿಕೆ ಕೊಟ್ಟ ಇಲಿಯ ತೊಡೆಯಲ್ಲಿ, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರ ಮೂರು ಕವಲಾಗುವ ಕಡೆ ಎರಡು ಕವಲುಗಳನ್ನು ಕಟ್ಟಿ ಕತ್ತರಿಸಿ, ಸೂರಲ್ ಎಂಬ ಮೂರನೆಯದನ್ನು ಮುಟ್ಟದೆ ಬಿಡುತ್ತೇನೆ. ಡೆಕೊಸ್ಟರ್ಡ್ ಮತ್ತು ವುಲ್ಫ್ ಎಂಬ ಸಂಶೋಧಕರು 2000ರಲ್ಲಿ ವಿವರಿಸಿದ ಈ ವಿಧಾನದಲ್ಲಿ, ಉಳಿಸಿದ ಕವಲು ತಲುಪುವ ಅಂಗಾಲಿನ ಹೊರ ಅಂಚು ಕೆಲವೇ ದಿನಗಳಲ್ಲಿ ಮುಟ್ಟಿದರೆ ಸಾಕು ನೋಯುವಂತಾಗಿ, ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ.

ತಾಳ್ಮೆ ಬೇಡುವುದು ಅಳತೆ. ಇಲಿಗಳನ್ನು ತಂತಿ ಜಾಲರಿಯ ಮೇಲಿನ ಸಣ್ಣ ಗೂಡುಗಳಲ್ಲಿ ಬಿಟ್ಟು, ಅವು ಮೂಸುವುದನ್ನೂ ಮೈ ನೆಕ್ಕಿಕೊಳ್ಳುವುದನ್ನೂ ನಿಲ್ಲಿಸಿ ನಾಲ್ಕೂ ಕಾಲೂರಿ ನಿಲ್ಲುವವರೆಗೆ ಕಾಯಬೇಕು. ಬಳಿಕ ಜಾಲರಿಯ ಕೆಳಗಿನಿಂದ ವಾನ್ ಫ್ರೇ ಎಳೆಯನ್ನು, ಎಂದರೆ ಗೊತ್ತಾದ ಬಲಕ್ಕೆ ಬಾಗುವ ನೈಲಾನ್ ತಂತುವನ್ನು, ಅಂಗಾಲಿಗೆ ತಾಗಿಸಿ ಅದು ಬಿಲ್ಲಿನಂತೆ ಬಾಗುವವರೆಗೆ ಒತ್ತಿ ಹಿಡಿಯುತ್ತೇನೆ. ಆರೋಗ್ಯವಂತ ಇಲಿ ಲೆಕ್ಕಕ್ಕೇ ತೆಗೆದುಕೊಳ್ಳದ ತೆಳುವಾದ ಎಳೆಗೆ ನರಗಾಯದ ಇಲಿ ಪಾದವನ್ನು ಥಟ್ಟನೆ ಎಳೆದುಕೊಂಡು ಕೊಡವುತ್ತದೆ. ಯಾವ ಇಲಿಗೆ ಔಷಧ, ಯಾವುದಕ್ಕೆ ಬರಿಯ ಲವಣಜಲ ಎಂಬುದು ಅಳೆಯುವವರಿಗೆ ತಿಳಿದಿರಬಾರದು. ಅಳೆಯುವವರೂ ನಡುವೆ ಬದಲಾಗಬಾರದು. ಗಂಡಸರ ಮೈವಾಸನೆಯೇ ಇಲಿಗಳಲ್ಲಿ ಒತ್ತಡ ಹುಟ್ಟಿಸಿ ನೋವನ್ನು ತಗ್ಗಿಸುತ್ತದೆಂಬುದು 2014ರಲ್ಲಿ ಬೆಳಕಿಗೆ ಬಂದಿತು.

ಆಮೇಲೆ ಬೆನ್ನುಹುರಿಯ ಸೊಂಟದ ಭಾಗವನ್ನು ತೆಳುವಾಗಿ ಸೀಳಿ, ಐಬಿಎ1 ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯದಿಂದ ಮೈಕ್ರೋಗ್ಲಿಯಾಗಳಿಗೆ ಬಣ್ಣ ಕಟ್ಟುತ್ತೇನೆ. ಇವು ನರಮಂಡಲದೊಳಗೇ ನೆಲೆಸಿದ ರಕ್ಷಕ ಕೋಶಗಳು. ಪೆಟ್ಟಾಗದ ಬದಿಯಲ್ಲಿ ಸಣ್ಣ ಒಡಲು, ನೀಳವಾದ ತೆಳು ಕವಲುಗಳು. ಪೆಟ್ಟಾದ ಬದಿಯಲ್ಲಿ ಒಡಲು ಉಬ್ಬಿ, ಕವಲುಗಳು ಮೋಟಾಗಿ, ಕೋಶಗಳು ಒತ್ತೊತ್ತಾಗಿ ನೆರೆದಿರುತ್ತವೆ. ಕಾಲಿನ ಗಾಯದ ಸುದ್ದಿಯನ್ನು ಇವಕ್ಕೆ ಮುಟ್ಟಿಸುವುದು ನರಕೋಶಗಳೇ: ಪೆಟ್ಟಾದ ಸಂವೇದನಾ ನರಕೋಶ ತಯಾರಿಸುವ ಸಿಎಸ್‌ಎಫ್1 ಎಂಬ ಪ್ರೋಟೀನು ಬೆನ್ನುಹುರಿಗೆ ತಲುಪಿ ಇವನ್ನು ಹೆಚ್ಚಿಸುತ್ತದೆ. ಹೀಗೆ ಕೆರಳಿದ ಮೈಕ್ರೋಗ್ಲಿಯಾಗಳು ಎಟಿಪಿ ಎಂಬ ಸಂಕೇತ ಅಣುವನ್ನು ತಮ್ಮ ಮೇಲ್ಮೈಯ ಪಿ2ಎಕ್ಸ್4 ಗ್ರಾಹಕದ ಮೂಲಕ ಗ್ರಹಿಸಿ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದರಿಂದ ನೋವಿನ ಸಂಕೇತವನ್ನು ಮೇಲಕ್ಕೆ ಸಾಗಿಸುವ ನರಕೋಶಗಳೊಳಗೆ ಕ್ಲೋರೈಡ್ ಹೆಚ್ಚಿ, ಅವುಗಳನ್ನು ಹತೋಟಿಯಲ್ಲಿಡಬೇಕಾದ ಗಾಬಾ ಎಂಬ ನರರಾಸಾಯನಿಕದ ಹಿಡಿತ ಸಡಿಲವಾಗುತ್ತದೆ. ಹಗುರ ಸ್ಪರ್ಶವೂ ನೋವಾಗಿ ದಾಟುವುದಕ್ಕೆ ಇದೊಂದು ದಾರಿ.

ವಿವರಣೆ ಅಚ್ಚುಕಟ್ಟಾಗಿದೆ, ನನ್ನ ಮಟ್ಟಿಗೆ ಅತಿ ಅಚ್ಚುಕಟ್ಟು. ಈ ತಿಳಿವಳಿಕೆಯಲ್ಲಿ ಬಹುಪಾಲು ಬಂದದ್ದು ಗಂಡು ಪ್ರಾಣಿಗಳಿಂದ. ಬಣ್ಣ ಕಟ್ಟಿದ ಸೀಳುಗಳನ್ನು ನೋಡಿ ಇದು ಗಂಡು, ಇದು ಹೆಣ್ಣು ಎಂದು ಹೇಳಲಾಗುವುದಿಲ್ಲ, ಎರಡರಲ್ಲೂ ಕೋಶಗಳು ಒಂದೇ ತೆರನಾಗಿ ಉಬ್ಬಿರುತ್ತವೆ. ಆದರೆ ಮೈಕ್ರೋಗ್ಲಿಯಾಗಳನ್ನು ತಡೆಯುವ ಮಿನೋಸೈಕ್ಲಿನ್ ಮುಂತಾದ ಔಷಧಗಳನ್ನು ಬೆನ್ನುಹುರಿಗೆ ಕೊಟ್ಟಾಗ ನೋವು ತಗ್ಗುವುದು ಗಂಡಿನಲ್ಲಿ ಮಾತ್ರ ಎಂದು 2015ರ ಅಧ್ಯಯನವೊಂದು ತೋರಿಸಿತು; ಹೆಣ್ಣಿನಲ್ಲಿ ಆ ಕೆಲಸ ಟಿ ಕೋಶಗಳಂತಹ ಬೇರೆ ರೋಗನಿರೋಧಕ ಕೋಶಗಳ ಪಾಲಿಗೆ ಬಂದಿರಬೇಕು, ಏಕೆಂದರೆ ಅವಿಲ್ಲದ ಹೆಣ್ಣಿಲಿಗಳು ಗಂಡುಗಳ ದಾರಿಯನ್ನೇ ಹಿಡಿದವು. ಮೈಕ್ರೋಗ್ಲಿಯಾಗಳ ಗದ್ದಲ ಮೊದಲ ವಾರಗಳಲ್ಲಿ ಏರಿ ಇಳಿದರೂ ನೋವು ಮುಂದುವರಿಯುವುದು ಇನ್ನೊಂದು ತೊಡಕು.

ಆದಕಾರಣ ಉಬ್ಬಿದ ಕೋಶದ ಚಿತ್ರವನ್ನು ನೋವಿನ ಕಾರಣಕ್ಕೆ ಪುರಾವೆಯೆಂದು ನಾನು ಒಪ್ಪುವುದಿಲ್ಲ. ಕೋಶವನ್ನು ತಡೆದಾಗ ಪಾದದ ಅಳತೆ ಬದಲಾಗಬೇಕು, ಅದೂ ಗಂಡು ಹೆಣ್ಣುಗಳ ಲೆಕ್ಕ ಬೇರೆಬೇರೆಯಾಗಿ. ಬೆನ್ನುಹುರಿ ತೆಗೆಯುವಾಗ ಅದರ ಪೊರೆಗಳನ್ನು ಸುಲಿದು ಎಸೆಯುವ ರೂಢಿಯನ್ನೂ ಕೈಬಿಟ್ಟಿದ್ದೇನೆ. ಆ ಪೊರೆಗಳಲ್ಲಿರುವ ನಿಯಂತ್ರಕ ಟಿ ಕೋಶಗಳು (ಇತರ ರೋಗನಿರೋಧಕ ಕೋಶಗಳನ್ನು ಹತೋಟಿಯಲ್ಲಿಡುವ ಟಿ ಕೋಶಗಳ ಒಂದು ಬಗೆ) ಎನ್‌ಕೆಫಲಿನ್ ಎಂಬ ನೋವುಶಾಮಕವನ್ನು ತಾವೇ ತಯಾರಿಸಿ ಹೆಣ್ಣಿಲಿಗಳಲ್ಲಿ ನೋವನ್ನು ತಡೆಯುತ್ತವೆಂದು 2025ರಲ್ಲಿ ವರದಿಯಾದ ಮೇಲೆ, ಪೊರೆ ಸಹಿತವಾಗಿಯೇ ಸೀಳುಗಳನ್ನು ಮಾಡುತ್ತಿದ್ದೇನೆ. ಅವು ಬೇಗ ಹರಿಯುತ್ತವೆ, ಮಡಚಿಕೊಳ್ಳುತ್ತವೆ, ಕೆಲಸ ನಿಧಾನವಾಗುತ್ತದೆ.