ಕಿಲ್‌ಪೆಕ್ ಚರ್ಚಿನ ಅಳತೆ ನಕ್ಷೆ: ನಾನು ಅನುಸರಿಸಿದ ಕ್ರಮ

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಕಿಲ್‌ಪೆಕ್ ಹಳ್ಳಿಯ ಚರ್ಚು ಸುಮಾರು 1140ರದ್ದು. ಕಟ್ಟಿದ್ದು ಕೆಂಪು ಮರಳುಗಲ್ಲಿನಲ್ಲಿ. ಪಶ್ಚಿಮದಿಂದ ಪೂರ್ವಕ್ಕೆ ಇರುವುದು ಮೂರೇ ಭಾಗ: ಜನ ಕೂರುವ ನೇವ್, ಪಾದ್ರಿ ಪೂಜೆ ನಡೆಸುವ, ಅದಕ್ಕಿಂತ ಕಿರಿದಾದ ಚಾನ್ಸೆಲ್, ಕೊನೆಗೆ ಅರೆವೃತ್ತದ ಆಪ್ಸ್. ಸರಳ ಕಟ್ಟಡ ಅಂತ ನೇರವಾಗಿ ಆಯತ ಎಳೆದರೆ ನಕ್ಷೆ ಕೆಟ್ಟಿತು. ಈ ಕಾಲದ ಹಳ್ಳಿ ಚರ್ಚುಗಳ ಯಾವ ಮೂಲೆಯನ್ನೂ 90 ಡಿಗ್ರಿ ಎಂದು ನಂಬಬಾರದು.

ಪಶ್ಚಿಮ ಗೋಡೆಯ ನಡುವಿನಿಂದ ಚಾನ್ಸೆಲ್ ಕಮಾನಿನ ಕೆಳಗೆ ಹಾಯ್ದು ಆಪ್ಸ್‌ವರೆಗೆ ಒಂದು ದಾರ ಬಿಗಿದೆ. ಉಳಿದ ಅಳತೆಗಳೆಲ್ಲ ಈ ದಾರದಿಂದ. ಟೇಪಿನ ಸೊನ್ನೆಯನ್ನು ಕದಲಿಸದೆ ಬಾಗಿಲು, ಕಿಟಕಿ, ಮೂಲೆಗಳನ್ನು ಸಾಲಾಗಿ ಓದಬೇಕು. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ 5 ಮಿಮೀ ತಪ್ಪೂ ಕೂಡುತ್ತಾ ಹೋಗುತ್ತದೆ. ಮೂಲೆ ಎಷ್ಟು ಓರೆ ಎಂದು ತಿಳಿಯಲು ಪ್ರತಿ ಭಾಗದ ಎರಡೂ ಕರ್ಣಗಳು ಬೇಕೇ ಬೇಕು. ನೆಲ ಸಮ ಇರದ ಕಾರಣ ಎತ್ತರಗಳನ್ನು ಲೇಸರ್ ಲೆವೆಲ್ ಹಾಕಿದ ಒಂದೇ ಗೆರೆಯಿಂದ ತೆಗೆದೆ.

ಹೆಚ್ಚು ಹೊತ್ತು ಹಿಡಿಯುವುದು ಆಪ್ಸ್. ಅದರ ಬಾಯಿಗೆ ಅಡ್ಡಲಾಗಿ ದಾರ ಕಟ್ಟಿ ಲಂಬವಾಗಿ ಅಳೆಯುವುದು ರೂಢಿ. ಆದರೆ ತುದಿಗಳಲ್ಲಿ ಟೇಪು ಗೋಡೆಗೆ ಸವರಿಕೊಂಡೇ ಹೋಗುವುದರಿಂದ ಗೋಡೆ ಮುಟ್ಟುವ ಜಾಗ ಗೊತ್ತಾಗುವುದಿಲ್ಲ. ಅದಕ್ಕೇ ಆ ದಾರದ ನಡುಬಿಂದುವಿನಿಂದ 15 ಡಿಗ್ರಿಗೊಂದರಂತೆ 13 ಗೆರೆ ಹಾಯಿಸಿ ಗೋಡೆ ಮುಟ್ಟಿಸಬೇಕು. ಸಿಕ್ಕ ಉದ್ದಗಳನ್ನು ಸರಾಸರಿ ಮಾಡಿ ಕೈವಾರದಲ್ಲಿ ವೃತ್ತ ಎಳೆಯಬೇಡಿ, ಬಿಂದುಗಳನ್ನು ಇದ್ದಂತೆ ಕೂಡಿಸಿ.

ಕಮಾನಿಗೆ ಎರಡು ಅಳತೆ: ಅಗಲ ಮತ್ತು ಏರು, ಅಂದರೆ ಕಮಾನು ಬಾಗತೊಡಗುವ ಮಟ್ಟದಿಂದ ನೆತ್ತಿಯವರೆಗಿನ ಎತ್ತರ. ಅರ್ಧ ಅಗಲದ ವರ್ಗಕ್ಕೆ ಏರಿನ ವರ್ಗ ಕೂಡಿಸಿ, ಏರಿನ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ. ಉದಾಹರಣೆಗೆ ಅಗಲ 2.40 ಮೀ, ಏರು 1.10 ಮೀ ಇದ್ದರೆ ತ್ರಿಜ್ಯ 1.20 ಮೀ. ಏರು ಅರ್ಧ ಅಗಲಕ್ಕಿಂತ 10 ಸೆಂಮೀ ಕಡಿಮೆ. ಅಂದರೆ ಕಟ್ಟಿದ್ದೇ ಹಾಗೋ, ಇಲ್ಲವೇ ಕಾಲುಗಳು ಹೊರಕ್ಕೆ ಸರಿದು ನೆತ್ತಿ ಇಳಿದಿದೆಯೋ? ತೂಗುಗುಂಡು ಇಳಿಬಿಟ್ಟು ಕಾಲುಗಳ ವಾಲು ನೋಡಬೇಕು. ವಾಲಿದ್ದರೆ ಸೂತ್ರ ಬಿಟ್ಟು 20 ಸೆಂಮೀಗೊಂದು ಕಡೆ ಎತ್ತರ ತೆಗೆಯಬೇಕು.

ಒಳಗಿನ ನಕ್ಷೆಗೂ ಹೊರಗಿನದಕ್ಕೂ ಕೊಂಡಿ ದಕ್ಷಿಣದ ಬಾಗಿಲು ಮತ್ತು ಕಿಟಕಿಗಳು. ಅವುಗಳ ಮೂಲಕ ಗೋಡೆಯ ದಪ್ಪ ಅಳೆಯದಿದ್ದರೆ ಎರಡು ನಕ್ಷೆ ಎಂದೂ ಕೂಡುವುದಿಲ್ಲ. ನೇವ್‌ನ ಈಶಾನ್ಯ ಮೂಲೆಯನ್ನು ಬೇರೆಯಾಗಿಯೇ ಬರೆದುಕೊಳ್ಳಿ: ಅಲ್ಲಿ ಹಿಂದಿನ ಚರ್ಚಿನ ಕಲ್ಲುಗಳು ಉಳಿದಿವೆ, ಜೋಡಣೆಯೇ ಬೇರೆ.

ಸೂರಿನಡಿಯ ಚಾಚುಗಲ್ಲುಗಳು 85 ಉಳಿದಿವೆ. ನಾಯಿ, ಮೊಲ, ವಿಕಾರ ಮುಖಗಳು. ಎಷ್ಟು ನೋಡಿದರೂ ಸಾಲದು. ಒಂದು ಮೂಲೆಯಿಂದ ಸಂಖ್ಯೆ ಕೊಟ್ಟು, ಅಕ್ಕಪಕ್ಕದ ಫೋಟೋಗಳು ಶೇ. 60ರಷ್ಟು ಒಂದರ ಮೇಲೊಂದು ಬರುವಂತೆ ತೆಗೆಯಬೇಕು. ಮೋಡದ ಬೆಳಕೇ ವಾಸಿ, ಬಿಸಿಲಿನಲ್ಲಿ ಸೂರಿನ ನೆರಳು ಕೆತ್ತನೆಯನ್ನು ನುಂಗುತ್ತದೆ. ದಕ್ಷಿಣ ಬಾಗಿಲಿನ ಕೆತ್ತನೆಗೆ ಲೋಹದ ಅಳತೆ ಬಾಚಣಿಗೆ (ಒತ್ತಿದರೆ ಕಡ್ಡಿಗಳು ಸರಿದು ಮೇಲ್ಮೈಯ ಆಕಾರ ಹಿಡಿಯುವ ಸಾಧನ) ಒತ್ತಲೇಬಾರದು. ಮರಳುಗಲ್ಲು ಪದರ ಪದರವಾಗಿ ಏಳುವ ಜಾತಿ, ಒಂದು ಚೂರು ಹೋದರೂ ಅದು ಹೋದದ್ದೇ.