ಹಂಡೆ ಒಲೆಯ ಮುಂದೆ ಮೂರು ಅಧ್ಯಾಯ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ಕೊಯ್ದ ಹಣ್ಣನ್ನು ತೂಗಿಸುವುದು, ಬಟವಾಡೆಯ ಲೆಕ್ಕ ಹಾಕುವುದು ನನ್ನ ಕೆಲಸ. ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲ ಪುಸ್ತಕವಾದ ಆದಿಕಾಂಡದಿಂದ ಕೊನೆಯದಾದ ಪ್ರಕಟನೆಯವರೆಗೆ ಒಮ್ಮೆಯಾದರೂ ಓದಿ ಮುಗಿಸಬೇಕೆಂದು ಆರು ವರ್ಷ, ಆರು ಜನವರಿ ಒಂದರಂದು ಆರಂಭಿಸಿದ್ದೆ. ಆರೂ ಸಲ ಓದು ನಿಂತುಹೋಯಿತು. ಏಳನೆಯ ಸಲ ನಿಲ್ಲಲಿಲ್ಲ. ನಮ್ಮ ಚರ್ಚಿನ ಸಭೆಯ ಯುವಕರು ಅದು ಹೇಗೆಂದು ಕೇಳುತ್ತಿರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಓದುವ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ಒಂದು ವರ್ಷಕ್ಕೆ ಮುಗಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಜನವರಿಯಲ್ಲಿ ಆರಂಭಿಸಿದವನು ಆ ತಿಂಗಳ ಕೊನೆಯ ವಾರ ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಅಳತೆಗಳ ನಡುವೆ ಇರುತ್ತಾನೆ, ಆಮೇಲೆ ಯಾಜಕಕಾಂಡ. ನಮ್ಮಲ್ಲಿ ರೋಬಸ್ಟಾ ಕೊಯ್ಲು ಭರದಿಂದ ನಡೆಯುವುದು ಆಗಲೇ. ಸಂಜೆ ತೂಕ ಮುಗಿಸಿ, ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಹೊದಿಸಿ ಮನೆ ಸೇರಿದಾಗ ಎಂಟು ಗಂಟೆ. ಆ ಹೊತ್ತಿನಲ್ಲಿ ಹಲಗೆ, ಪರದೆ, ಕೊಂಡಿಗಳ ಲೆಕ್ಕ ಯಾರ ತಲೆಗೆ ಹೋಗುತ್ತದೆ? ನನ್ನ ಭಕ್ತಿಯೇ ಕಡಿಮೆ ಎಂದು ಬಹಳ ಕಾಲ ನೊಂದುಕೊಂಡಿದ್ದೆ. ಆರಂಭಿಸಿದ ತಿಂಗಳು ತಪ್ಪಿತ್ತು, ಅಷ್ಟೆ.

ಈಗ ನನ್ನ ಓದಿನ ವರ್ಷ ಹುಟ್ಟುವುದು ಜೂನ್ ಒಂದಕ್ಕೆ, ಮಳೆಯ ಜೊತೆ. ಜೂನ್‌ನಿಂದ ನವೆಂಬರ್‌ವರೆಗೆ 183 ದಿನ. ದಿನಕ್ಕೆ ಮೂರು ಅಧ್ಯಾಯ: ಎರಡು ಹಳೆಯ ಒಡಂಬಡಿಕೆಯಿಂದ, ಒಂದು ಹೊಸ ಒಡಂಬಡಿಕೆಯಿಂದ. ಹೊಸದು ಮುಗಿದ ಮೇಲೆ ಮೂರೂ ಹಳೆಯದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ, ಕೊಯ್ಲಿನಿಂದ ಕಾಫಿ ಹೂ ಅರಳಿಸುವ ಹೂಮಳೆ ದಾಟುವವರೆಗೆ, ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೆ ಒಂದೇ ಕೀರ್ತನೆ. 150 ಕೀರ್ತನೆಗಳನ್ನು ಹೀಗೆ ಪ್ರತಿ ವರ್ಷ ಬೇರೆಯಾಗಿ ಓದುವುದರಿಂದ ಉಳಿಯುವುದು 1039 ಅಧ್ಯಾಯ, ಅದಕ್ಕೆ ಎರಡು ಮಳೆಗಾಲ ಸಾಕು. ಸುಮಾರು ಇಪ್ಪತ್ತು ದಿನ ಮಿಗುತ್ತದೆ. ಕಾಯಿಲೆ, ಮದುವೆ, ಸಾವು ಎಂದು ಆ ದಿನಗಳು ಹೇಗೂ ಬೇಕಾಗುತ್ತವೆ.

ಓದುವ ಹೊತ್ತಿಗೆ ಗಡಿಯಾರ ನೋಡುವುದನ್ನು ಬಿಟ್ಟೆ. ಬೆಳಿಗ್ಗೆ ಐದಕ್ಕೆ ಸ್ನಾನದ ಹಂಡೆಗೆ ಬೆಂಕಿ ಹಾಕುವುದು ನಮ್ಮ ಮನೆಯಲ್ಲಿ ನಾನೇ, ಅದು ಯಾವ ದಿನವೂ ತಪ್ಪುವುದಿಲ್ಲ. ಒಲೆಯ ಬಾಯಿ ಹಿಂದಿನ ಜಗಲಿಗೆ ತೆರೆದಿದೆ. ಸಿಲ್ವರ್ ಓಕ್ ಸೌದೆ ಹತ್ತಿಕೊಂಡ ಮೇಲೆ ನೀರು ಕಾಯುವವರೆಗೆ ಇಪ್ಪತ್ತು ನಿಮಿಷ ಅಲ್ಲಿಂದ ಏಳುವ ಹಾಗಿಲ್ಲ. ಮಣೆ ಹಾಕಿಕೊಂಡು ಕುಳಿತು ಓದುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋಗಿದ್ದರೂ ಬೆಂಕಿಯ ಬೆಳಕು, ಒಂದು ಟಾರ್ಚು ಸಾಕು. ಮೊದಲು ಪುಸ್ತಕ ಮಲಗುವ ಕೋಣೆಯ ಕಪಾಟಿನಲ್ಲಿತ್ತು, ಜುಲೈ ಬಂತೆಂದರೆ ಹೊದಿಕೆಗೆ ಬೂಷ್ಟು ಹಿಡಿದು ತೆಳು ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಈಗ ಒಲೆಯ ಮೇಲುಗಡೆ ಗೋಡೆಯ ಗೂಡಿನಲ್ಲಿ ಬೆಚ್ಚಗಿದೆ. ಹಾಳೆಗಳಿಗೆ ಹೊಗೆಯ ವಾಸನೆ ಬಂದಿದೆ.

ಗಟ್ಟಿಯಾಗಿ ಓದುತ್ತೇನೆ. ಇದನ್ನು ಕಲಿಸಿದವರು ಅಮ್ಮ. ಅವರಿಗೆ ಓದು ಬಾರದು. ನಾನು ಮನಸ್ಸಿನಲ್ಲೇ ಓದುವುದನ್ನು ಕಂಡು, "ನೀನು ಒಬ್ಬನೇ ಉಂಡ ಹಾಗಾಯಿತು" ಎಂದರು. ಅಂದಿನಿಂದ ಅವರು ಕಂಬಳಿ ಹೊದ್ದು ಪಕ್ಕದಲ್ಲೇ ಕೂರುತ್ತಾರೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ಆನಂದಪುರದಲ್ಲಿ ಸಭೆ ಕಟ್ಟುವ ಹೊತ್ತಿಗೆ ಪೂರ್ಣ ಸತ್ಯವೇದ ಕನ್ನಡಕ್ಕೆ ಬಂದಾಗಿತ್ತು. ಬಳ್ಳಾರಿಯಲ್ಲಿ ಅದು 1831ರಲ್ಲೇ ಅಚ್ಚಾಗಿತ್ತು. ಆದರೂ ಆಗ ಸಭೆ ಸೇರಿದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಅಕ್ಷರ ಕಲಿಯುವ ಮೊದಲೇ ವಾಕ್ಯವನ್ನು ಕಿವಿಯಿಂದ ಕಲಿತವರು. ಅಮ್ಮ ಕೇಳುವ ರೀತಿ ನೋಡಿದರೆ ಆ ಹಿರಿಯರು ಹೇಗೆ ಕೇಳಿರಬಹುದೆಂದು ತಿಳಿಯುತ್ತದೆ.

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ಓದಿದ ಬೆಳಗನ್ನು ನಾನು ಮರೆಯಲಾರೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿರಿ, ಹಕ್ಕಲನ್ನು, ಅಂದರೆ ಕೊಯ್ದ ಮೇಲೆ ಉಳಿದ ತೆನೆಗಳನ್ನು, ಆರಿಸಿಕೊಳ್ಳಬೇಡಿರಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಅಲ್ಲಿದೆ. ಅಮ್ಮ ಕೈ ಎತ್ತಿ, "ಇನ್ನೊಂದು ಸಲ ಓದು" ಎಂದರು. ಓದಿದೆ. ನಲವತ್ತು ವರ್ಷ ಅವರು ಕಾಫಿ ಕೊಯ್ದವರು, ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ದರಗು ಸರಿಸಿ ಉದುರಿದ ಕಾಳನ್ನು ಒಂದೊಂದಾಗಿ ಆರಿಸಿದವರು. "ಇದು ನಮ್ಮ ಕೆಲಸದ ಮಾತು. ನೀನು ಇದನ್ನು ಓದದೆ ಆರು ವರ್ಷ ಬಿಟ್ಟಿದ್ದೆಯಾ?" ಎಂದು ಕೇಳಿದರು. ಆ ದಿನ ಮುಂದೆ ಓದಲಿಲ್ಲ. ರೂತಳ ಪುಸ್ತಕಕ್ಕೆ ಬಂದಾಗ, ಹಕ್ಕಲಾಯಲು ಬಂದ ಅವಳಿಗಾಗಿ ಬೇಕೆಂದೇ ತೆನೆಗಳನ್ನು ಉದುರಿಸಿಬಿಡಿರಿ ಎಂದು ಹೊಲದ ಒಡೆಯ ಬೋವಜನು ಆಳುಗಳಿಗೆ ಹೇಳುವ ಕಡೆ ಅಮ್ಮ ತಾವಾಗಿಯೇ ಯಾಜಕಕಾಂಡವನ್ನು ನೆನಪಿಸಿದರು. ಓದು ಬಾರದ ಅಮ್ಮ ಎರಡು ಪುಸ್ತಕಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದರು. ಬೇಸರದ ಪುಸ್ತಕವೆಂದು ಯಾವುದನ್ನೂ ಹಾರಿಸಬೇಡಿ ಎಂದು ನಾನು ಯುವಕರಿಗೆ ಹೇಳುವುದು ಇದಕ್ಕೇ.

ನನ್ನನ್ನು ಹೆಚ್ಚು ಕಾಡಿದ್ದು ಬಾಕಿಯ ಲೆಕ್ಕ. ಹಳೆಯ ವರ್ಷಗಳಲ್ಲಿ ಓದದ ದಿನಗಳನ್ನು ಡೈರಿಯಲ್ಲಿ ಬಾಕಿ ಎಂದು ಬರೆದಿಡುತ್ತಿದ್ದೆ, ಕೂಲಿಯ ಲೆಕ್ಕ ಬರೆದು ಕೈಗೆ ಬಂದ ಅಭ್ಯಾಸ. ನಾಲ್ಕು ದಿನ ತಪ್ಪಿದರೆ ಹನ್ನೆರಡು ಅಧ್ಯಾಯ ಬಾಕಿ, ವಾರ ತಪ್ಪಿದರೆ ಇಪ್ಪತ್ತಮೂರು. ಆ ಸಂಖ್ಯೆ ಕಂಡರೆ ಪುಸ್ತಕ ತೆಗೆಯಲು ಕೈ ಬರುತ್ತಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗಿದಾಗ ಹನ್ನೊಂದು ದಿನ ಪರಿಹಾರ ಕೇಂದ್ರಕ್ಕೆ ಓಡಾಡಿದೆ. ಓದು ಪೂರ್ತಿ ನಿಂತಿತ್ತು. ಮರಳಿ ಬಂದ ಬೆಳಿಗ್ಗೆ ಪುಸ್ತಕದ ಗುರುತಿನ ಪಟ್ಟಿ ಎಲ್ಲಿತ್ತೋ ಅಲ್ಲಿಂದಲೇ ಮುಂದಿನ ಮೂರು ಅಧ್ಯಾಯ ಓದಿದೆ. ಆಮೇಲೆ ಬಾಕಿ ಬರೆದದ್ದೇ ಇಲ್ಲ. ದೇವರು ನನ್ನಿಂದ ಸಾಲ ವಸೂಲಿ ಮಾಡಲು ಕುಳಿತಿಲ್ಲ.

ಪ್ರಾರ್ಥನೆಗೆ ಚೆಕ್‌ರೋಲೇ ನನ್ನ ಪಟ್ಟಿ. ಬೆಳಿಗ್ಗೆ ಹಾಜರಿ ಕೂಗಿದ ಹೆಸರುಗಳಲ್ಲಿ ದಿನಕ್ಕೆ ಐದನ್ನು ಮನಸ್ಸಿನಲ್ಲಿಟ್ಟುಕೊಂಡು ಕಣಕ್ಕೆ ನಡೆಯುವ ದಾರಿಯಲ್ಲಿ ಅವರಿಗಾಗಿ ಬೇಡಿಕೊಳ್ಳುತ್ತೇನೆ. ಯಾರ ಮಗುವಿಗೆ ಜ್ವರ, ಯಾರು ಅಸ್ಸಾಮಿನ ಮನೆಗೆ ಫೋನ್ ಮಾಡಿ ಅಳುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ. ಅವರು ಯಾವ ದೇವರನ್ನು ನಂಬುತ್ತಾರೆಂದು ಕೇಳುವುದಿಲ್ಲ. ಹೀಗೆ ಹೆಸರು ಹಿಡಿದು ಬೇಡಿಕೊಂಡ ಮೇಲೆ ಅದೇ ಮನುಷ್ಯನ ಮೇಲೆ ತೂಕದ ವಿಷಯಕ್ಕೆ ಗದರುವುದು ಕಷ್ಟ.

ಉಪವಾಸದ ಬಗ್ಗೆ ಹೆಚ್ಚು ಹೇಳಲಾರೆ. ಈಸ್ಟರ್‌ಗೆ ಮುಂಚಿನ ಲೆಂಟ್‌ನ ನಲವತ್ತು ದಿನ ರಾತ್ರಿ ಊಟವಾದ ಮೇಲೆ ಮೊಬೈಲ್ ಮುಟ್ಟುವುದಿಲ್ಲ, ಶುಕ್ರವಾರ ಮಧ್ಯಾಹ್ನ ಊಟ ಬಿಡುತ್ತೇನೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವರು ಬಿಡುವ ಹಾಗಿಲ್ಲ. ಉಪವಾಸ ಮಾಡಲಾಗದವರು ತಮ್ಮನ್ನು ಕೀಳೆಂದು ಎಣಿಸಬೇಕಾಗಿಲ್ಲ.

ಇದನ್ನು ಬರೆಯುವಾಗ ಏಪ್ರಿಲ್ ಮೊದಲ ಭಾಗ. ಹೂ ಬಾಡಿ ಗೊಂಚಲುಗಳಲ್ಲಿ ಮಿಡಿ ಕಟ್ಟುತ್ತಿದೆ. 119ನೆಯ ಕೀರ್ತನೆಗೆ ಬಂದಿದ್ದೇವೆ. ಅದರಲ್ಲಿ 176 ವಚನ, ಎಂಟೆಂಟರಂತೆ 22 ಭಾಗ. ಒಂದು ದಿನಕ್ಕೆ ಒಂದೇ ಭಾಗ ಓದುತ್ತೇನೆ, ಹಾಗಾಗಿ ಇದಕ್ಕೊಂದಕ್ಕೇ ಮೂರು ವಾರ. ನಾಳೆ ಹದಿನಾಲ್ಕನೆಯ ಭಾಗ. ಅದರ ಮೊದಲ ವಚನ, "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ", ಅಮ್ಮನಿಗೆ ಬಾಯಿಪಾಠ. ನಾನು ಹಾಳೆ ತಿರುಗಿಸುವ ಮೊದಲೇ ಅವರು ಹೇಳಿ ಮುಗಿಸಿರುತ್ತಾರೆ, ನಾನು ಎರಡನೆಯ ವಚನದಿಂದ ಓದಬೇಕು.